ಆಯಿ ಹಂಚಿದ ಮೂತಿಗಳು

ಜೋಳದ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆಯೊಂದಿದೆ. ಹಳೆಯ ಗೋಣಿಚೀಲ, ಹೋದ ಬೇಸಿಗೆಯ ಬಿಸಿಲು, ಸ್ವಲ್ಪ ಮುಗ್ಗಲು, ಎಲ್ಲ ಸೇರಿದ ವಾಸನೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಮುಚ್ಚಳ ತೆಗೆದಾಗ ಆ ವಾಸನೆಯ ಜೊತೆಗೆ ಬೂದು ಬಣ್ಣದ ಸಣ್ಣ ಪತಂಗವೊಂದು ಎದ್ದು ಬಂದು ಅಡುಗೆಮನೆಯ ಗೋಡೆಗೆ ಕೂತಿತು.

"ಹುಳ ಆಗ್ಯಾವ ನೋಡ್ರಿ. ಬಿಸಲಿಗಿ ಹಾಕ್ರಿ ಅಂದ್ರ ನಾಳಿ ನಾಳಿ ಅನ್ಕೋತ ಕೂತ್ರಿ," ಎಂದಳು.

ಮಳೆ ಬಂದೀತು ಎಂಬ ಚಿಂತೆಯಿಂದ ನಾನು ಹಾಕಿರಲಿಲ್ಲ. ಮಳೆ ಬರಲಿಲ್ಲ. ನಾನು ಚಿಂತೆ ಮಾಡಿದ್ದು ಸಾಮಾನ್ಯವಾಗಿ ಆಗುವುದಿಲ್ಲ; ಮಾಡದೇ ಬಿಟ್ಟದ್ದು ಹೀಗೆ ಡಬ್ಬಿಯೊಳಗಿಂದ ಎದ್ದು ಬರುತ್ತದೆ. ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಹೋಗಿ ನೋಡಿದೆ. ಪತಂಗ ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡು, ತಲೆಯ ಮುಂದೆ ಚೂಪಾದ ಮೂತಿಯೊಂದನ್ನು ಚಾಚಿಕೊಂಡು ಕೂತಿತ್ತು. ನೋಡುತ್ತಿದ್ದಂತೆ ನನಗೆ ಹೊಟ್ಟೆಕಿಚ್ಚಾಯಿತು.

ಜೋಳದ ಹುಳ ಕಂಡು ಹೊಟ್ಟೆಕಿಚ್ಚು ಪಡುವ ಮನುಷ್ಯ ಎಂಥವನು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಕೊಡಲು ನಿಮ್ಮನ್ನು ವಾಡಿಯಿಂದ ಚಿತ್ತಾಪುರಕ್ಕೆ, ನಮ್ಮ ಆಯಿಯ ಪಡಸಾಲೆಗೆ ಕರೆದುಕೊಂಡು ಹೋಗಬೇಕು. ದೂರವೇನಿಲ್ಲ. ರೈಲು ಸಿಕ್ಕರೆ ಚಾ ಕುಡಿದು ಮುಗಿಸುವುದರೊಳಗೆ ಬರುತ್ತದೆ. ಸಿಗದಿದ್ದರೆ ಎಂಬ ಚಿಂತೆ ನನಗಿರಲಿ.

ಆಯಿ ಎಂದರೆ ನನ್ನ ತಂದೆಯ ತಾಯಿ. ಆಕೆಯ ಮೊದಲ ಮಕ್ಕಳಲ್ಲಿ ಕೆಲವು ಉಳಿದಿರಲಿಲ್ಲ. ದೃಷ್ಟಿ ತಗಲಿಯೇ ಹೋದವು ಎಂದು ಆಕೆ ನಂಬಿದ್ದಳು. ಹಾಗಾಗಿ ಮೊಮ್ಮಕ್ಕಳ ಕಾಲಕ್ಕೆ ಎಚ್ಚರವಾಗಿದ್ದಳು. ನಮ್ಮ ಕಡೆ ಇಂಥ ಮನೆಗಳಲ್ಲಿ ಕೂಸಿಗೆ ತಿಪ್ಪಣ್ಣ, ಹುಚ್ಚಪ್ಪ ಎಂದು ಹೆಸರಿಡುವುದು ನಿಮಗೆ ಗೊತ್ತೇ ಇದೆ. ಇದು ಯಾರಿಗೂ ಬೇಡದ ಕೂಸು ಎಂದು ತಿಳಿದು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಲೆಕ್ಕಾಚಾರ. ನಮ್ಮದು ಪೂಜೆ ಪುನಸ್ಕಾರದ ವೈಷ್ಣವರ ಮನೆ. ತೊಟ್ಟಿಲಲ್ಲಿ ದೇವರ ಹೆಸರನ್ನೇ ಇಡಬೇಕು. ಆಯಿ ಅದಕ್ಕೆ ಅಡ್ಡ ಬರಲಿಲ್ಲ. ದೇವರ ಹೆಸರು ತೊಟ್ಟಿಲಿಗೆ, ಕರೆಯಲಿಕ್ಕೆ ಬೇರೆ ಹೆಸರು ಎಂದು ದಾರಿ ಮಾಡಿಕೊಂಡಳು.

"ದೃಷ್ಟಿ ಮೊದಲ ಬೀಳೋದು ಮಾರಿ ಮ್ಯಾಲ. ಮಾರೀಗೇ ಹೊಲಸು ಹೆಸರಿಟ್ಟು ಬಿಟ್ರ, ಬಂದ ದೃಷ್ಟಿ ಹೊಸ್ತಲದಾಗಿಂದನೇ ಹೊಳ್ಳಿ ಹೋಗ್ತದ," ಎನ್ನುತ್ತಿದ್ದಳು.

ಹೀಗೆ ಆಯಿ ಮಕ್ಕಳ ಮುಖಗಳಿಗೆ ಮೂತಿಗಳನ್ನು ಹಂಚಿದಳು. ಕಾಕಾನ ಮಗ ವಸಂತ, ನನಗಿಂತ ಕೆಲವೇ ತಿಂಗಳಿಗೆ ದೊಡ್ಡವನು, ಬೆಣ್ಣೆಯಂಥ ಕೆನ್ನೆಯವನು. ಅವನು ಹಂದಿಮೂತಿ. ಅವನ ಅಕ್ಕ ಕಮಲಕ್ಕನಿಗೆ ಚೂಪು ಗಲ್ಲ. ಆಕೆ ಮುಂಗಲಿಮೂತಿ, ಅಂದರೆ ಮುಂಗುಸಿಯ ಮೂತಿ. ಇಲ್ಲಿಗೆ ನಿಂತಿದ್ದರೆ ಮನೆಯ ಮಾತು ಎಂದು ಸುಮ್ಮನಿರಬಹುದಿತ್ತು. ಆದರೆ ಪಕ್ಕದ ಮನೆಯ ರಶೀದನಿಗೂ ಆಯಿ ಒಂದು ಮೂತಿ ಕೊಟ್ಟಳು. ಅವನ ತಂದೆ ಟೇಲರ್. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಹುಟ್ಟಿದಾಗಲೇ ಅವನಿಗೆ ದಟ್ಟ ಹುಬ್ಬುಗಳಿದ್ದವಂತೆ. ಕರಡಿಮೂತಿ ಎಂದು ಕರೆದಳು. ರಶೀದನ ತಾಯಿ ಅದನ್ನು ಓಣಿಯ ತುಂಬ ಹೇಳಿಕೊಂಡು ಬಂದರು. "ಆಯಿಗಿ ನಮ್ಮ ಹುಡುಗನ ಮ್ಯಾಲ ಭಾಳ ಜೀವ," ಎಂದು.

ನೋಡಿ, ಜೀವ ಇದ್ದಲ್ಲಿ ಮೂತಿ. ಅದು ಓಣಿಗೆಲ್ಲ ಗೊತ್ತಿದ್ದ ಮಾತು.

ನನಗೆ ಯಾವ ಮೂತಿಯೂ ಇರಲಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರಿನಿಂದಲೇ ಆಯಿ ನನ್ನನ್ನು ಕರೆಯುತ್ತಿದ್ದಳು, ಒಂದಕ್ಷರವನ್ನೂ ಬಿಡದೆ. ಆ ಹೆಸರು ಸಹಸ್ರನಾಮದ ನಡುವಿನದು, ಉದ್ದನೆಯದು, ಎರಡು ಕಡೆ ಒತ್ತಕ್ಷರ ಬರುತ್ತದೆ. ಇಲ್ಲಿ ಬರೆಯುವುದಿಲ್ಲ, ಓದುವವರಿಗೆ ಯಾಕೆ ಆಯಾಸ. ನನ್ನ ಹೆಂಡತಿ ಅದನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಮಾತ್ರ, ಹೆಣ್ಣುಮಕ್ಕಳೆಲ್ಲ ಬಾಗಿಲು ತಡೆದು ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಕಾಡಿದಾಗ. ಒಡಪಿನ ಎರಡನೆಯ ಸಾಲು ನನ್ನ ಹೆಸರಿನ ಭಾರಕ್ಕೆ ಕುಸಿದು ಬಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟದ್ದನ್ನು ಇವತ್ತಿಗೂ ಪಾಲಿಸುತ್ತಾಳೆ. ಕಾಲ ಬದಲಾಗಿದೆ, ಹೇಳು ಎಂದು ನಾನೂ ಒತ್ತಾಯ ಮಾಡಿಲ್ಲ. ಆಯುಷ್ಯದ ವಿಷಯದಲ್ಲಿ ಸುಮ್ಮನೆ ಯಾಕೆ.

ಊಟಕ್ಕೆ ಕರೆಯುವ ಹೊತ್ತು ನನಗೆ ಕಠಿಣವಾಗಿತ್ತು. "ಏ ಹಂದಿಮೂತಿ, ಏ ಮುಂಗಲಿ, ಬರ್ರೋ ಉಣ್ಣಲಿಕ್ಕೆ," ಎಂದು ಆಯಿ ಕೂಗುತ್ತಿದ್ದಳು. ಆ ಕೂಗಿನಲ್ಲಿ ತುಪ್ಪ ಇರುತ್ತಿತ್ತು. ಅದಾದ ಮೇಲೆ ಸ್ವಲ್ಪ ತಡೆದು, ದನಿ ಬದಲಿಸಿ, ನನ್ನ ಹೆಸರನ್ನು ಪೂರ್ತಿ ಹೇಳಿ, "ನೀನೂ ಬಾರಪ್ಪಾ," ಎನ್ನುತ್ತಿದ್ದಳು. ಶಾಲೆಗೆ ಬಂದ ಇನ್‌ಸ್ಪೆಕ್ಟರನ್ನು ಕರೆದಂತೆ.

ಮೂತಿ ಸಿಗಲಿ ಎಂದು ನಾನು ಪ್ರಯತ್ನ ಪಡದೆ ಇರಲಿಲ್ಲ. ಚರಂಡಿಯ ದಡದಲ್ಲಿ ಕೂತು ಹಂದಿಗಳನ್ನು ನೋಡಿದೆ. ಹಂದಿಯ ಮೂತಿಯನ್ನು ನೀವು ಸರಿಯಾಗಿ ನೋಡಿದ್ದೀರೋ ಇಲ್ಲವೋ. ತುದಿಯಲ್ಲಿ ಕತ್ತರಿಸಿಟ್ಟಂತೆ ಚಪ್ಪಟೆ, ಎರಡು ಗುಂಡು ತೂತು. ಜಗತ್ತಿನ ಯಾವ ಮರ್ಯಾದೆಯ ಹಂಗೂ ಇಲ್ಲದೆ ಅದು ಮುಂದೆ ಹೋಗುತ್ತದೆ, ಹಂದಿ ಅದರ ಹಿಂದೆ ಹೋಗುತ್ತದೆ. ಆಕಳ ಮೂತಿ ಯಾವಾಗಲೂ ಒದ್ದೆ, ಈಗಷ್ಟೇ ಅತ್ತು ಬಂದಂತೆ. ಸುಂಡಿಲಿಯ ಮೂತಿ ಮಾತ್ರ ನನಗೆ ಸ್ವಂತದ್ದು ಎನ್ನಿಸುತ್ತಿತ್ತು. ಗೋಡೆಯ ಬುಡ ಹಿಡಿದು, ಒಂದು ಕ್ಷಣವೂ ನೆಮ್ಮದಿಯಿಲ್ಲದೆ ನಡುಗುತ್ತ ಹೋಗುವ ಮೂತಿ. ಕನ್ನಡಿಯ ಮುಂದೆ ನಿಂತು ಒಂದೊಂದನ್ನೇ ಮಾಡಿ ನೋಡುತ್ತಿದ್ದೆ. ಎಮ್ಮೆಯದಾದರೂ ಆದೀತು ಎಂಬಲ್ಲಿಗೆ ಇಳಿದಿದ್ದೆ. ಆಯಿ ಒಮ್ಮೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ, ಕನ್ನಡಿಯನ್ನು ಮೇಲಿನ ಮೊಳೆಗೆ ತೂಗುಹಾಕಿ ಹೋದಳು.

ಆಕೆಗೆ ನನ್ನ ಮೇಲೆ ದೃಷ್ಟಿ ಬೀಳುವ ಭಯವಿಲ್ಲ. ಈ ಮುಖಕ್ಕೆ ಯಾರ ಕಣ್ಣು ಬಿದ್ದೀತು ಎಂದುಕೊಂಡಿದ್ದಾಳೆ. ನಾನು ಹಾಗೆ ತೀರ್ಮಾನಿಸಿದೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಆಯಿ ತೀರಿಕೊಂಡಳು. ತೀರ್ಮಾನ ಉಳಿಯಿತು.

ಎಲ್ಲರೂ ದೊಡ್ಡವರಾದೆವು. ಕಮಲಕ್ಕ ಸೇಡಂ ಊರಿಗೆ ಸೊಸೆಯಾಗಿ ಹೋದಳು. ರಶೀದ ಶಹಾಬಾದಿನಲ್ಲಿ ಹಾಸುಗಲ್ಲಿನ ವ್ಯಾಪಾರ ಹಾಕಿದ. ನಾನು ವಾಡಿಯಲ್ಲಿ ರೈಲ್ವೆ ಕಚೇರಿ ಸೇರಿದೆ. ರೈಲು ತಡವಾದರೆ ನನ್ನದೇ ತಪ್ಪು ಎಂಬಂತೆ ಸಂಕಟ ಪಡುವುದು ನನ್ನ ಕೆಲಸದಲ್ಲಿ ಸೇರಿಲ್ಲ, ಆದರೂ ಮಾಡುತ್ತೇನೆ. ವಸಂತ ದನದ ಡಾಕ್ಟರ್ ಆಗಿ ಚಂದಾಪುರದಲ್ಲಿ ನೆಲೆಸಿದ. ಮೂತಿ ಇದ್ದವನಿಗೆ ಮೂತಿಗಳದೇ ಉದ್ಯೋಗ ಸಿಕ್ಕಿತು.

ಅವನಿಗೆ ಇನ್ನೂ ತಲೆತುಂಬ ಕೂದಲಿದೆ. ಸಕ್ಕರೆ ಕಾಯಿಲೆ ಇಲ್ಲ. ಇವನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಆದರೆ ಕೆಲವು ವರ್ಷಗಳಿಂದ ಅವನು ಚಿಂಚೋಳಿಯ ಕಾಡಿಗೆ ಹೋಗಿ ಪಾತರಗಿತ್ತಿಗಳ ಫೋಟೋ ತೆಗೆಯತೊಡಗಿದ. ಮನೆಯ ಹಿತ್ತಲಿನಲ್ಲಿ ನಮ್ಮ ಅಜ್ಜನ ಹಳೆಯ ಧೋತರವೊಂದನ್ನು ಹಗ್ಗಕ್ಕೆ ಕಟ್ಟಿ, ಸಂಜೆ ಅದರ ಮುಂದೆ ದೀಪ ಹಚ್ಚಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಧೋತರದ ತುಂಬ ಪತಂಗಗಳು ಕೂತಿರುತ್ತವೆ. ಶಾಲೆಗಳವರು ಅವನನ್ನು ಭಾಷಣಕ್ಕೆ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ. ಅದರ ಫೋಟೋ ನಮ್ಮ ಮನೆತನದ ಮೊಬೈಲ್ ಗ್ರೂಪಿಗೆ ಬರುತ್ತದೆ. ರಶೀದನೂ ಆ ಗ್ರೂಪಿನಲ್ಲಿದ್ದಾನೆ, ಅವನನ್ನು ಬಿಟ್ಟು ಮನೆತನವೆಲ್ಲಿ.

ಒಂದು ದಿನ ವಸಂತ ಬರೆದ: ಈ ಪತಂಗಗಳಿಗೆ ಇಂಗ್ಲಿಷಿನವರು ಪ್ರಾಣಿಗಳ ಮೂತಿಯ ಹೆಸರು ಇಟ್ಟಿದ್ದಾರೆ. ಒಂದು ಜಾತಿಗೆ ಬರೀ ಮೂತಿ ಎಂದೇ ಹೆಸರು. ಅವರಿಗಿಂತ ನಮ್ಮ ಆಯಿ ಒಳ್ಳೆಯ ಹೆಸರುಗಳನ್ನು ಇಟ್ಟಿದ್ದಾಳೆ, ಅವುಗಳನ್ನೇ ಇಡೋಣ.

ಮರುದಿನ ದಪ್ಪನೆಯ ಹಸಿರು ಪತಂಗವೊಂದರ ಫೋಟೋ ಬಂತು. ಕೆಳಗೆ "ಹಂದಿಮೂತಿ ವಸಂತ" ಎಂದಿತ್ತು. ಆಮೇಲೆ ಮುಖದ ತುಂಬ ರೋಮವಿದ್ದ ಕೆಂಚು ಪತಂಗ: "ಕರಡಿಮೂತಿ ರಶೀದ". ರಶೀದ ಅದರ ಪಕ್ಕ ತನ್ನ ಫೋಟೋ ಜೋಡಿಸಿ, "ಇಬ್ಬರದೂ ಒಂದೇ ಖಾನ್‌ದಾನ್," ಎಂದು ಕಳಿಸಿದ. ಒಂದು ವಾರ ಬಿಟ್ಟು, ತಲೆಯ ಮುಂದೆ ಮಾರುದ್ದ ಮೂತಿ ಚಾಚಿದ ಕಂದು ಪಾತರಗಿತ್ತಿ ಬಂತು: "ಮುಂಗಲಿಮೂತಿ ಕಮಲ". ಅಂಥದ್ದು ಈ ಸೀಮೆಯಲ್ಲಿ ಇರಲಿಕ್ಕಿಲ್ಲ, ಗುರುತಿಸುವುದರಲ್ಲಿ ತಪ್ಪಾಗಿರಬೇಕು ಎಂದು ಯಾರೋ ತಿಳಿದವರು ಅವನಿಗೆ ಬರೆದಿದ್ದರಂತೆ. ಆ ವಿಷಯವನ್ನು ನಾನು ಮತ್ತೆ ಮತ್ತೆ ಓದಿದೆ, ಒಳ್ಳೆಯ ಸುದ್ದಿ ಓದುವಂತೆ.

ನಾನು ಕಾದೆ. ನನ್ನ ಹೆಂಡತಿಯ ತವರಿನ ಮಕ್ಕಳಿಗೂ ಒಂದೆರಡು ಹುಳ ಸಿಕ್ಕವು. ನನಗೆ ಬರಲಿಲ್ಲ. ಕೊನೆಗೆ ವಾಡಿ ಜಂಕ್ಷನ್ನಿನ ಗೋಡೆಯ ಮೇಲೆ ದೀಪದ ಕೆಳಗೆ ಒಂದು ಕೆಂಪು ಪತಂಗ ಕೂತದ್ದನ್ನು ಕಂಡು ಫೋಟೋ ತೆಗೆದು ಕಳಿಸಿದೆ. ನಾನೂ ಇದ್ದೇನೆ ಎಂದು ನೆನಪಿಸಲಿಕ್ಕೆ.

"ಇದು ಪತಂಗ ಅಲ್ಲೋ ಮಾರಾಯ. ಎಲಿ ಅಡಿಕಿ ಉಗುಳಿದ ಕಲಿ ಅದ," ಎಂದು ಉತ್ತರ ಬಂತು. ರಶೀದ ನಗುವ ಮುಖಗಳ ಒಂದು ಸಾಲನ್ನೇ ಹಾಕಿದ.

ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ಮೊಣಕಾಲಿಗೆ ಆಗುತ್ತದೆ, ಕಣ್ಣಿಗೆ ಆಗುತ್ತದೆ, ಇದು ಮಾತ್ರ ಅರೆಚಡ್ಡಿ ಹಾಕಿಕೊಂಡು ಹಾಗೇ ನಿಂತಿರುತ್ತದೆ. ಹೋದ ಶನಿವಾರ ನಾನು ರಜೆ ಬರೆದು ಹೊರಟೇಬಿಟ್ಟೆ. ಹೆಂಡತಿಗೆ ಬರೀ ಭೆಟ್ಟಿ ಎಂದು ಹೇಳಿದೆ. ರೈಲಿಗೆ ಬಹಳ ಮುಂಚೆಯೇ ಹೋಗಿ ಕೂತು, ಸೇಡಂನಲ್ಲಿ ಇಳಿದು ಕಮಲಕ್ಕನನ್ನು ಕರೆದುಕೊಂಡು, ಚಿಂಚೋಳಿಯ ಬಸ್ಸು ಹಿಡಿದು, ಸಂಜೆಗೆ ಚಂದಾಪುರ ಮುಟ್ಟಿದೆ. ನನಗೊಬ್ಬನಿಗೆ ಯಾಕೆ ಮೂತಿಯಿಲ್ಲ ಎಂದು ಕೇಳಲಿಕ್ಕೆಂದೇ ಹೊರಟವನು ದಾರಿಯುದ್ದಕ್ಕೂ ಜೋಳದ ರೊಟ್ಟಿ, ಮಳೆ, ಬಸ್ಸಿನ ಬ್ರೇಕು ಇವುಗಳ ಬಗ್ಗೆ ಮಾತಾಡಿದೆ.

ಬೆಳಿಗ್ಗೆ ಮೂವರೂ ಚಾದ ಬಟ್ಟಲು ಹಿಡಿದು ಹಿತ್ತಲಿಗೆ ಹೋದೆವು. ಅಜ್ಜನ ಧೋತರದ ಮೇಲೆ ಪತಂಗಗಳು ಅಂಟಿಸಿಟ್ಟಂತೆ ಕೂತಿದ್ದವು. ವಸಂತ ಒಂದನ್ನು ತೋರಿಸಿದ, ಬಾಣದಂಥ ರೆಕ್ಕೆಯ ಚೆಲುವಿನದು.

"ಇದರ ಬೀಗರು ಬಿಳೇ ಮಂದಿ ದೇಶದಾಗ ಇದ್ದಾರ. ಅವಕ್ಕ ಆನಿ ಹೆಸರು ಇಟ್ಟಾರ. ನೋಡಲಿಕ್ಕ ಗುಲಾಬಿ ಹೂ ಇದ್ದಂಗ ಅದ, ಹೆಸರು ನೋಡಿದ್ರ ಆನಿ."

"ಎದಕ್ಕ?" ಎಂದಳು ಕಮಲಕ್ಕ.

"ಹುಳ ಇದ್ದಾಗ ಅದರ ಮೂತಿ ಆನಿ ಸೊಂಡಿ ಇದ್ದಂಗ ಇರ್ತದ. ಅದನ್ನ ನೋಡಿ ಇಟ್ಟಾರ. ಅದರಕಿಂತ ಸಣ್ಣದೊಂದು ಅದ, ಅದಕ್ಕ ಹಂದಿಮರಿ ಅಂತ ಹೆಸರು. ರೆಕ್ಕಿ ಬಂದು ಹಾರಿ ಹೋದ್ರೂ ಹೆಸರು ಹುಳದ್ದೇ."

ನನಗೆ ತಡೆಯಲಾಗಲಿಲ್ಲ. "ಇಷ್ಟು ಮಂದಿಗೆ ಹೆಸರಿಟ್ಟಿ. ಇನ್ನೂ ಉಳದಾವೇನು?" ಎಂದೆ.

"ರಗಡ ಉಳದಾವ. ಎಲ್ಲಾ ಎಲ್ಲಿ ಮುಗೀತಾವ ಹುಳ?"

"ಹುಳ ಅಲ್ಲ. ಮಂದಿ."

ವಸಂತನಿಗೆ ತಿಳಿಯಿತು. ಅವನು ಕಮಲಕ್ಕನ ಮುಖ ನೋಡಿದ. ಕಮಲಕ್ಕ ಚಾ ನೋಡಿದಳು.

"ನಿನ್ನ ಹೆಸರಲೆ ಇಡಲಿಕ್ಕ ಬರಂಗಿಲ್ಲೋ," ಎಂದ.

"ಯಾಕ? ನನ್ನ ಮಾರಿಗೇನಾಗ್ಯದ?"

"ಮಾರಿಗೇನೂ ಆಗಿಲ್ಲ. ಆಯಿ ಆಣಿ ಹಾಕ್ಯಾಳ."

ತಮಾಷೆ ಎಂದುಕೊಂಡೆ. ಆದರೆ ಹುಚ್ಚೆದ್ದ ಹೋರಿಯ ಬಾಯಿಗೆ ಹೆದರದೆ ಕೈ ಹಾಕುವ ಆ ಮನುಷ್ಯ ಆಯಿಯ ಹೆಸರೆತ್ತುವಾಗ ಹೆಗಲ ಮೇಲಿನ ಟಾವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಖರೇನೇ ನೆನಪಿಲ್ಲೇನು ನಿನಗ?" ಕಮಲಕ್ಕ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. "ನಿನಗೂ ಇಟ್ಟಿದ್ಳೋ. ನೀ ಇನ್ನೂ ಶಾಲಿಗಿ ಹೋಗ್ತಿರಲಿಲ್ಲ. ನಮಗೆಲ್ಲ ಮೂತಿ ಅಂದ್ರ ನಕ್ಕು ಓಡಿ ಹೋಗ್ತಿದ್ವಿ. ನೀ ಮೂಗು ಎರಡೂ ಕೈಲೆ ಮುಚ್ಚಿಕೊಂಡು ಜ್ವಾಳದ ಚೀಲದ ಹಿಂದ ಹೋಗಿ ಕೂತಿ. ಊಟಕ್ಕ ಕರದ್ರ ಬರಲಿಲ್ಲ. ಕೈ ತಗಿ ಅಂದ್ರ ತಗೀಲಿಲ್ಲ. ಆಯಿ ಬಂದು ಕೂತ್ಲು. ನೀ ಏನು ಕೇಳ್ದಿ ಗೊತ್ತೇನು? 'ಆಯಿ, ಇದು ನಾಳಿಗಿ ಇನ್ನೂ ಉದ್ದ ಆಗ್ತದೇನು?' ಅಂತ ಕೇಳ್ದಿ."

"ಆಯಿ ಏನಂದ್ಲು?"

"ಮೊದಲ ನಕ್ಕಳು. ನೀ ಮತ್ತ ಕೇಳ್ದಿ, 'ಶಾಲಿಗಿ ಹೋಗೋದ್ರೊಳಗರೆ ನಿಲ್ತದೇನು?' ಅಂತ. ಆವಾಗ ಆಕಿಗಿ ಕಣ್ಣೀರು ಬಂತು. ದೃಷ್ಟಿ ತಗೀಬೇಕಂತ ಇಟ್ಟ ಹೆಸರು ಕೂಸಿಗೇ ದೃಷ್ಟಿ ಆತಲ್ಲ ಅಂತ, ಉಪ್ಪು ಇಳಿಸಿ ಒಲಿಗಿ ಹಾಕಿದ್ಳು. ನಮ್ಮನ್ನೆಲ್ಲ ಹಿತ್ತಲ ಬಾಗಲದಾಗ ನಿಂದ್ರಿಸಿ ಆಣಿ ಹಾಕಿಸಿಕೊಂಡ್ಳು. ಈ ಕೂಸಿಗಿ ಪೂರಾ ಹೆಸರಲೇ ಕರೀಬೇಕು, ಯಾವನರೆ ಮೂತಿ ಅಂದ್ರ ನನ್ನ ಹೆಣ ನೋಡ್ತೀರಿ ಅಂದ್ಳು. ರಶೀದನೂ ಇದ್ದ."

ನಾನು ನನ್ನ ಕೈಯನ್ನು ನೋಡಿಕೊಂಡೆ. ಅದು ಮೂಗಿನ ಮೇಲಿತ್ತು. ಮನೆತನದ ಯಾವ ಫೋಟೋ ತೆಗೆದರೂ ನಾನು ಹೀಗೆಯೇ ಕೂತಿರುತ್ತೇನೆ. ಸಿಮೆಂಟ್ ಕಾರ್ಖಾನೆಯ ಊರಿನವನು, ಧೂಳಿಗೆ ಕೈ ಅಡ್ಡ ಹಿಡಿಯುವ ರೂಢಿ ಎಂದು ಎಲ್ಲರಿಗೂ ಹೇಳುತ್ತೇನೆ.

"ವಾಡಿ ಧೂಳ ಅಂತೀ," ಕಮಲಕ್ಕ ನಕ್ಕಳು. "ಆವಾಗ ಆಯಿ ಪಡಸಾಲ್ಯಾಗ ಎಲ್ಲಿತ್ತೋ ಧೂಳ?"

"ನಮಗೇನು ಕಡಿಮಿ ಸಂಕಟ ಇತ್ತಂತ ತಿಳಕೊಂಡಿ?" ವಸಂತ ಎಂದ. "ನಮಗೆಲ್ಲ ಹಂದಿ, ಕರಡಿ. ನಿನಗೊಬ್ಬಂವಗ ದೇವರ ಹೆಸರು, ಅದೂ ಪೂರಾ. ಆಟದಾಗ ನಿನ್ನ ಹೆಸರು ಹೇಳಿ ಔಟ್ ಅನ್ನೋದ್ರೊಳಗ ನೀ ಓಡಿ ಹೋಗಿರ್ತಿದ್ದಿ. ನನಗ ಭಾಳ ಹೊಟ್ಟಿಕಿಚ್ಚಾಗ್ತಿತ್ತು ನೋಡು. ಇವಂದೇನು ಮಾರಿ ಬಂಗಾರದ್ದೇನು ಅಂತ."

ಇಷ್ಟು ವರ್ಷ ಅವನನ್ನು ಕಂಡು ನಾನು ಉರಿದಿದ್ದೆ, ನನ್ನನ್ನು ಕಂಡು ಅವನು. ಇದನ್ನು ಕೇಳಿ ಮನಸ್ಸು ತಣ್ಣಗಾಗಬೇಕಿತ್ತು. ನಾನು ಅಂಥ ದೊಡ್ಡ ಮನುಷ್ಯನಲ್ಲ. ಮೊದಲು ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಯಾವ ಮೂತಿ ಇತ್ತು ನಂದು?"

ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಸಂತ ಧೋತರದ ಕಡೆಗೆ ತಿರುಗಿದ. ಅವನ ಹೆಗಲು ಕುಲುಕುತ್ತಿತ್ತು.

"ಹೇಳಂಗಿಲ್ಲ," ಎಂದ.

"ಈಗ ಎಲ್ಲಾ ಹೇಳಿದ್ರಲ್ಲ."

"ಹೆಸರು ಅನ್ನಬ್ಯಾಡ ಅಂದಿದ್ಳು. ಕತಿ ಹೇಳಬ್ಯಾಡ ಅಂದಿರಲಿಲ್ಲ," ಎಂದಳು ಕಮಲಕ್ಕ.

"ಆಯಿ ಹೋಗಿ ಎಷ್ಟು ವರ್ಷ ಆತು. ಇನ್ನೆಲ್ಲಿ ಹೆಣ ನೋಡ್ತೀರಿ ಆಕೀದು?"

"ಆಕಿ ಹೋಗ್ಯಾಳ. ಆಣಿ ಎಲ್ಲಿ ಹೋಗ್ಯದ?"

ಮರಳುವಾಗ ಸೇಡಂ ಸ್ಟೇಷನ್ನಿನಲ್ಲಿ ಕೂತು ರಶೀದನಿಗೆ ಫೋನು ಮಾಡಿದೆ. ಶಹಾಬಾದಿನ ಅವನ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರದ ಸದ್ದು. ಅದನ್ನು ನಿಲ್ಲಿಸಲು ಹೇಳಿ, ನನ್ನ ಮಾತು ಕೇಳಿಸಿಕೊಂಡು, ಬಹಳ ಹೊತ್ತು ನಕ್ಕ.

"ಗೊತ್ತದ ಭಾಯಿ. ಭಾಳ ಛಲೋ ನೆನಪದ. ಖರೇ ಹೇಳ್ಬೇಕಂದ್ರ, ನಿನ್ನ ನೋಡಿದಾಗೊಮ್ಮೆ ನೆನಪಾಗ್ತದ."

"ಮತ್ತ ಹೇಳು."

"ಆಯೀದು ಕಸಮ್ ಅದ, ಯಾರ್. ಬ್ಯಾರೆ ಏನರೆ ಕೇಳು."

ಒಂದೇ ಒಂದು ಮೂತಿ ನನ್ನದು. ಅದು ಚಂದಾಪುರದ ಡಾಕ್ಟರ ಬಳಿ ಇದೆ, ಸೇಡಂನ ಕಮಲಕ್ಕನ ಬಳಿ ಇದೆ, ಶಹಾಬಾದಿನ ಕಲ್ಲಿನ ವ್ಯಾಪಾರಿಯ ಬಳಿ ಇದೆ. ನನ್ನ ಬಳಿ ಇಲ್ಲ. ಬಾಲ್ಯದಲ್ಲಿ ಅವರಿಗಿದೆ, ನನಗಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಈಗ ನನ್ನದೇ ಅವರಲ್ಲಿದೆ ಎಂದು ಉರಿಯುತ್ತದೆ. ಆದರೂ ರೈಲು ಚಿತ್ತಾಪುರ ದಾಟುವಾಗ ಕಿಟಕಿಯಿಂದ ನೋಡುತ್ತ ಕೂತವನಿಗೆ ಇನ್ನೊಂದು ಹೊಳೆಯಿತು. ಪೂರ್ತಿ ಹೆಸರು ಹೇಳುವ ಮುಂಚೆ ಆಯಿ ಸ್ವಲ್ಪ ತಡೆಯುತ್ತಿದ್ದಳಲ್ಲ, ಆ ತಡೆ ಯಾಕೆ ಎಂದು. ನಾಲಿಗೆಯ ತುದಿಗೆ ಬಂದ ಮೂತಿಯನ್ನು ದಿನಾಲೂ ಆಕೆ ನುಂಗಿಕೊಳ್ಳುತ್ತಿದ್ದಳು.

ಅದೆಲ್ಲ ಆಗಿ ಇವತ್ತು ಬೆಳಿಗ್ಗೆ, ಜೋಳದ ಡಬ್ಬಿಯಿಂದ ಎದ್ದ ಈ ಪತಂಗ. ಇಂಥ ಪತಂಗಗಳದು ನಿಜವಾದ ಮೂತಿಯಲ್ಲ ಎಂದು ವಸಂತ ಹೇಳಿದ್ದ. ಬಾಯಿಯ ಎರಡೂ ಬದಿಯಿಂದ ಮುಂದಕ್ಕೆ ಚಾಚಿದ ಮೀಸೆಯಂಥವು. ಮುಂದೆ ಏನಿದೆಯೋ ಏನೋ ಎಂದು ಅವುಗಳಿಂದಲೇ ಮೂಸಿ ನೋಡುತ್ತದೆ. ಪಾಪ, ನಮ್ಮ ಪೈಕಿಯೇ.

"ಏನ್ರಿ ಅದು, ಗ್ವಾಡಿಗಿ ಮೂಗು ಹಚ್ಚಿ ನೋಡ್ಲಿಕತ್ತೀರಿ?" ಹೆಂಡತಿ ಕಸಬರಿಗೆ ಹಿಡಿದು ಬಂದಳು. "ಸರೀರಿ, ಹೊರಗ ಹಾಕ್ತೀನಿ."

"ಇರ್ಲಿ ಬಿಡು."

"ಇರ್ಲಿ ಅಂದ್ರ? ವಸಂತ ಭಾವ ಇದಕ್ಕೂ ಏನರೆ ಹೆಸರಿಟ್ಟಾರೇನು?"

"ಅಂವಾ ಇಟ್ಟಿಲ್ಲ. ನಾ ಇಟ್ಟೀನಿ," ಎಂದು ನನ್ನ ಹೆಸರನ್ನು ಒತ್ತಕ್ಷರ ಸಮೇತ ಪೂರ್ತಿ ಹೇಳಿದೆ. "ಇವತ್ತಿನಿಂದ ಇದರ ಹೆಸರು ಅದೇ. ಪೂರಾ ಹೆಸರಲೇ ಕರೀಬೇಕು."

ಅವಳು ಕಸಬರಿಗೆ ಇಳಿಸಿದಳು. "ಹಂಗಾದ್ರ ನಾ ಹೆಂಗ ಕರೀಲಿ ಅದಕ್ಕ?"

ಅದನ್ನು ನಾನು ಯೋಚಿಸಿರಲಿಲ್ಲ. ಅವಳು ಗೋಡೆಯ ಹತ್ತಿರ ಬಾಗಿ ಪತಂಗವನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೇ ಹತ್ತಿರದಿಂದ, ಅಷ್ಟೇ ನಿಧಾನವಾಗಿ ನೋಡಿದಳು.

"ನಾ ಸುಮ್ಕ ಮೂತಿ ಅಂತೀನಿ ಬಿಡ್ರಿ," ಎಂದಳು.

ಆಯಿ ಹಿತ್ತಲ ಬಾಗಿಲಲ್ಲಿ ಆಣೆ ಹಾಕಿಸಿಕೊಂಡಾಗ ಇವಳು ಆ ಮನೆಗೆ ಬಂದಿರಲಿಲ್ಲ. ಇವಳ ಮೇಲೆ ಯಾವ ಆಣೆಯೂ ಇಲ್ಲ. ನನ್ನ ಕೈ ತಾನಾಗಿಯೇ ಮೂಗಿನ ಕಡೆಗೆ ಎದ್ದಿತು. ಅಷ್ಟರಲ್ಲಿ ಅವಳು ಚಾದ ಬಟ್ಟಲು ಮುಂದೆ ಹಿಡಿದಳು. ಬಿಸಿಯಿತ್ತು, ಎರಡೂ ಕೈಯಿಂದ ಹಿಡಿಯಬೇಕಾಯಿತು.

"ಜ್ವಾಳ ಇವತ್ತರೆ ಬಿಸಲಿಗಿ ಹಾಕೋದೇನು, ಮೂತಿ?" ಎಂದಳು.

ಗೋಡೆಯ ಕಡೆಯಿಂದ ಉತ್ತರ ಬರಲಿಲ್ಲ. ನಾನೇ "ಹೂಂ" ಎಂದೆ.